2024ರ ಮೆಚ್ಚಿನ ಮೂರು ಸಿನಿಮಾ: ಊರಿನ ಸಭಾಭವನದಲ್ಲಿ ತೋರಿಸೋದು ಹೇಗೆ?

ಕೂಣಿ_ಸಾಗರ:
2024ರಲ್ಲಿ ಮೆಚ್ಚಿಕೊಂಡ ಸಿನಿಮಾಗಳಲ್ಲಿ ಮೂರನ್ನ ಆರಿಸಿ ಸಾಗರದ ಹತ್ತಿರದ ಹಳ್ಳಿ ಸಭಾಭವನದಲ್ಲಿ ಸಂಘದಿಂದ ತೋರಿಸಬೇಕು ಅಂತಿದ್ದೇವೆ. ಶೀಟಿನ ಮಾಡು, 80 ಕುರ್ಚಿ, 10 ಅಡಿ ಅಗಲದ ಪರದೆ. ಪಟ್ಟಿಯಲ್ಲಿ 'ಶಾಖಾಹಾರಿ', 'ಕೆರೆಬೇಟೆ', ಮಲಯಾಳದ 'ಭ್ರಮಯುಗಂ', 'ಉಳ್ಳೊಳುಕ್ಕು' ಇವೆ. ಯಾವುದನ್ನ ಬಿಡೋದು? ಪ್ರೊಜೆಕ್ಟರ್, ಸೌಂಡ್ ಎಂಥದ್ದು ಬೇಕು?

ಆಗುಂಬೆ_ಮಳೆ:
'ಭ್ರಮಯುಗಂ' ಬಿಡಿ. ಮಮ್ಮೂಟ್ಟಿ ಅಭಿನಯಕ್ಕೆ ಎರಡು ಮಾತಿಲ್ಲ. ಆದರೆ ಇಡೀ ಚಿತ್ರ ಕಪ್ಪುಬಿಳುಪು, ಅರ್ಧಕ್ಕರ್ಧ ಕತ್ತಲು. ಕಿಟಕಿ ಸಂದಿಯಿಂದ ಟ್ಯೂಬ್‌ಲೈಟ್ ಬೆಳಕು ಬೀಳೋ ಹಾಲಲ್ಲಿ ಆ ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತೆ, ನೆರಳಲ್ಲಿ ಕೂತವನ ಮುಖವೇ ಕಾಣಲ್ಲ.

'ಉಳ್ಳೊಳುಕ್ಕು' ಮಾತ್ರ ಬಿಡಬೇಡಿ. ಕೇರಳದ ಕುಟ್ಟನಾಡಿನ ನೆರೆ ಇಳಿಯೋವರೆಗೂ ಮಗನ ಹೆಣ ಮಣ್ಣು ಮಾಡೋಕಾಗದೆ ಕಾಯೋ ಮನೆ, ಅಲ್ಲಿ ಅತ್ತೆ ಊರ್ವಶಿ, ಸೊಸೆ ಪಾರ್ವತಿ. ಮನೆಯೊಳಗೇ ನೀರು, ಅದರ ನಡುವೆ ಒಂದೊಂದಾಗಿ ಹೊರಬೀಳೋ ಗುಟ್ಟು. ನಮ್ಮ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. 'ಶಾಖಾಹಾರಿ'ಯಲ್ಲಿ ಹೋಟೆಲ್ ನಡೆಸೋ ರಂಗಾಯಣ ರಘು ಗದ್ದಲ ಪೂರಾ ಬಿಟ್ಟು ತಣ್ಣಗೆ ನಟಿಸಿದ್ದಾರೆ. ಮೊದಲ ದಿನಕ್ಕೆ ಅದೇ ಇಡಿ, ಜನ ಕಟ್ಟಿಹಾಕುತ್ತೆ. 'ಕೆರೆಬೇಟೆ' ಪ್ರೇಮದ ಭಾಗದಲ್ಲಿ ಸ್ವಲ್ಪ ಎಳೆದರೂ ಮೀನುಬೇಟೆ, ಜಾತಿ ಸಿಟ್ಟು ಎರಡೂ ನಮ್ಮ ನೆಲದ್ದೇ.

ಸಬ್‌ಟೈಟಲ್ ಕನ್ನಡದಲ್ಲೇ ಹಾಕ್ತೀರಾದ್ರೆ ಫೈಲನ್ನ ಯುಟಿಎಫ್-8ರಲ್ಲಿ (ಕನ್ನಡದಂಥ ಲಿಪಿಗಳನ್ನೂ ಹಿಡಿಯೋ ಅಕ್ಷರ ಸಂಕೇತ) ಉಳಿಸಿ, ಇಲ್ಲದಿದ್ರೆ ಅಕ್ಷರದ ಬದಲು ಚೌಕ ಬರುತ್ತೆ. ಒಮ್ಮೆಗೆ ಎರಡೇ ಸಾಲು. ಸಬ್‌ಟೈಟಲ್ ಸೆಕೆಂಡಿಗೆ 25 ಫ್ರೇಮಿನದು, ಸಿನಿಮಾ 24ರದು ಆದ್ರೆ ಗಂಟೆಗೆ ಎರಡೂವರೆ ನಿಮಿಷದಷ್ಟು ತಪ್ಪುತ್ತೆ. ಮೊದಲ ಐದು ನಿಮಿಷ ನೋಡಿ ಸರಿಯಿದೆ ಅನ್ಕೋಬೇಡಿ, ಕೊನೆಯ ದೃಶ್ಯ ಹಾಕಿ ನೋಡಿ.

ಚಿಮಣಿ_ದೀಪ:
10 ಅಡಿ ಅಗಲ ಅಂದ್ರೆ 16:9 ಅಳತೆಯಲ್ಲಿ ಎತ್ತರ 5.6 ಅಡಿ, ಒಟ್ಟು 56 ಚದರಡಿ. ಚದರಡಿಗೆ 16 ಲ್ಯೂಮೆನ್ (ಬೆಳಕಿನ ಅಳತೆ) ಲೆಕ್ಕದಲ್ಲಿ 900 ಸಾಕು, ಆದರೆ ಅದು ಪೂರ್ತಿ ಕತ್ತಲಿದ್ರೆ. ಬಾಡಿಗೆ ಪ್ರೊಜೆಕ್ಟರಿನ ಲ್ಯಾಂಪ್ ಹಳೇದಾಗಿರುತ್ತೆ, ಸಿನಿಮಾ ಮೋಡ್‌ಗೆ ಹಾಕಿದ್ರೆ ಬೆಳಕು ಇನ್ನೂ ಇಳಿಯುತ್ತೆ. ಹಾಗಾಗಿ 3000ಕ್ಕೆ ಕಮ್ಮಿದು ತರಬೇಡಿ. ಪರದೆಯ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲದಿದ್ರೆ ಹಿಂದಿನವರಿಗೆ ಮುಂದಿನವರ ತಲೆಯೇ ಸಬ್‌ಟೈಟಲ್.

ಕರೆಂಟ್ ಹೋಗೋದು ಗ್ಯಾರಂಟಿ ಅಂದ್ಕೊಂಡೇ ಹೊರಡಿ. ಲ್ಯಾಂಪ್ ಪ್ರೊಜೆಕ್ಟರ್ ಫಕ್ಕನೆ ಆರಿದ್ರೆ ಫ್ಯಾನೂ ನಿಲ್ಲುತ್ತೆ, ಬಿಸಿ ಒಳಗೇ ಉಳಿದು ಲ್ಯಾಂಪ್ ಬಾಳಿಕೆ ಕಮ್ಮಿ ಆಗುತ್ತೆ. ಒಂದು ಕೆವಿಎ ಯುಪಿಎಸ್‌ನಲ್ಲಿ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಎರಡೇ ಇರಲಿ, ಸೌಂಡ್ ಬೇರೆ ಲೈನಿಗೆ.

ದೊಡ್ಡ ಎಡವಟ್ಟು ಆಗೋದೇ ಸೌಂಡಲ್ಲಿ. ಫೈಲಿನ ಧ್ವನಿ 5.1 (ಆರು ಚಾನೆಲ್) ಇದ್ದು ನೀವು ಎಡ-ಬಲ ಎರಡೇ ಬಾಕ್ಸ್ ಕೊಟ್ರೆ, ಸಂಗೀತ ಜೋರಾಗಿ ಕೇಳುತ್ತೆ, ಮಾತೇ ಕೇಳಲ್ಲ. ಯಾಕಂದ್ರೆ ಮಾತು ಇರೋದು ನಡುವಿನ ಚಾನೆಲ್‌ನಲ್ಲಿ. ಪ್ಲೇಯರಿನಲ್ಲಿ ಸ್ಟೀರಿಯೋಗೆ, ಅಂದ್ರೆ ಎರಡೇ ಚಾನೆಲ್‌ಗೆ, ಇಳಿಸಿಕೊಳ್ಳಿ. ಆರ್ಕೆಸ್ಟ್ರಾಕ್ಕೆ ಕೊಡೋ ಸೌಂಡಿನವರು ಬೇಸ್ ಏರಿಸಿಟ್ಟಿರ್ತಾರೆ, ಅದನ್ನ ಇಳಿಸಿ, 250 ಹರ್ಟ್ಸ್ ಹತ್ತಿರ ಸ್ವಲ್ಪ ತಗ್ಗಿಸಿದ್ರೆ ಮಾತು ಬಿಡಿಸಿ ಕೇಳುತ್ತೆ. ಲ್ಯಾಪ್‌ಟಾಪ್ ಹೆಡ್‌ಫೋನ್ ಪಿನ್ನಿಂದ ನೇರ ಮಿಕ್ಸರಿಗೆ ಕೊಟ್ರೆ ಗುಂಯ್ ಅನ್ನುತ್ತೆ, ನಡುವೆ ಆ ಸದ್ದು ತಡೆಯೋ ಡಿಐ ಬಾಕ್ಸ್ ಹಾಕಿ. ಎಚ್‌ಡಿಎಂಐ ವೈರನ್ನ (ಪ್ರೊಜೆಕ್ಟರಿಗೆ ಚಿತ್ರ ಒಯ್ಯೋದು) ಹಾಲಿನುದ್ದ ಎಳೀಬೇಡಿ, 15 ಮೀಟರ್ ದಾಟಿದ್ರೆ ಚಿತ್ರ ಮಿಣುಕೋಕೆ ಶುರು. ಲ್ಯಾಪ್‌ಟಾಪನ್ನೇ ಪ್ರೊಜೆಕ್ಟರ್ ಪಕ್ಕ ಇಟ್ಟು ಆಡಿಯೋ ವೈರ್ ಉದ್ದ ಮಾಡಿ.

ಕಂಬಳಿಕೊಪ್ಪೆ:
ಇಷ್ಟೆಲ್ಲಾ ಮಾಡೋ ಮೊದಲು ಅನುಮತಿ ನೋಡ್ಕೊಳ್ಳಿ ಮಾರಾಯ್ರೆ. ಮನೆಯ ಓಟಿಟಿ ಖಾತೆ ಮನೆಗಷ್ಟೇ, ಊರಿಗೆ ತೋರಿಸೋಕಲ್ಲ, ಟಿಕೆಟ್ ಇಡದಿದ್ರೂ ಅಷ್ಟೇ. ನಿರ್ಮಾಪಕರಿಗೆ ಬರೆದು ಲಿಖಿತ ಒಪ್ಪಿಗೆ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ಎರಡನ್ನೂ ತರಿಸಿಕೊಳ್ಳಿ. ಊರು, ದಿನ, ಕುರ್ಚಿ ಎಷ್ಟು, ಟಿಕೆಟ್ ಇದೆಯೋ ಇಲ್ಲವೋ, ಇಷ್ಟು ಪತ್ರದಲ್ಲಿರಲಿ. ಅವರು ಡಿಸಿಪಿ (ಥಿಯೇಟರಿಗೆ ಕಳಿಸೋ ಡಿಜಿಟಲ್ ಪ್ರತಿ) ಕೊಡ್ತೀವಿ ಅಂದ್ರೆ ಬೇಡ ಅನ್ನಿ. ಅದಕ್ಕೆ ಥಿಯೇಟರಿನ ಸರ್ವರ್ ಬೇಕು, ಲಾಕ್ ಆಗಿದ್ರೆ ಕೀ ಬೇರೆ. ಲ್ಯಾಪ್‌ಟಾಪಲ್ಲೇ ಓಡೋ ಸಾದಾ ಎಚ್.264 ವಿಡಿಯೋ ಫೈಲ್ ಕೇಳಿ.

ಕೂಣಿ_ಸಾಗರ:
ತುಂಬಾ ಉಪಕಾರ. ಜನವರಿ ಮೂರನೇ ವಾರ ಇಟ್ಕೊಂಡ್ರೆ ಹೇಗೆ?

ಆಗುಂಬೆ_ಮಳೆ:
ಅಡಿಕೆ ಸುಲಿತ ಮುಗಿದಿರಲ್ಲ, ರಾತ್ರಿ ಚಪ್ಪರ ಬಿಟ್ಟು ಯಾರೂ ಬರಲ್ಲ. ಫೆಬ್ರವರಿಯಲ್ಲಿ, ಶಿವರಾತ್ರಿಯ ಹಿಂದಿನ ವಾರ ಇಡಿ. ಮಾರ್ಚ್‌ಗೆ ಹೋದ್ರೆ ಮಕ್ಕಳ ಪರೀಕ್ಷೆ, ಮಳೆಗಾಲದ ಮಾತಂತೂ ಆ ಶೀಟಿನ ಮಾಡಿನ ಕೆಳಗೆ ಆಡಲೇಬೇಡಿ. ಸಂಜೆ 7ಕ್ಕೆ ಶುರು ಮಾಡಿ, ಅಷ್ಟೊತ್ತಿಗೆ ಹೊರಗಿನ ಬೆಳಕು ಪೂರ್ತಿ ಇಳಿದಿರುತ್ತೆ.