ಪದ ಬೇಕು: ಎಂಜಿನ್ ನಿಂತ ವಿಮಾನ ತೇಲುತ್ತದೋ, ಜಾರುತ್ತದೋ?

ಮೈಸೂರಿನಿಂದ:
ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ 10ಕ್ಕೆ ಪ್ರಿಂಟಿಗೆ ಹೋಗಬೇಕು. ಎಂಜಿನ್ ನಿಂತರೆ ಯಾವ ಪುಟ್ಟ ವಿಮಾನ ಎಷ್ಟು ದೂರ ಹೋಗುತ್ತದೆ ಅಂತ ಹೋಲಿಸುವ ಪಟ್ಟಿ ಅದು. 'ಗ್ಲೈಡ್ ರೇಶಿಯೋ'ಗೆ ಕನ್ನಡ ಬೇಕು. ಸೆಸ್ನಾ 172 ಎಂಬ ಪುಟ್ಟ ವಿಮಾನ ಎಂಜಿನ್ ನಿಂತ ಮೇಲೆ ಒಂದಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಹೋಗುತ್ತದೆ. ಒಳ್ಳೆಯ ಗ್ಲೈಡರ್ (ಎಂಜಿನ್ ಇಲ್ಲದೆ ಹಾರುವ ವಿಮಾನ) 40 ಅಡಿಗೂ ಜಾಸ್ತಿ. 'ತೇಲು ಅನುಪಾತ' ಅಂತ ಬರೆದಿದ್ದೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಓದಿ, "ಮಿಸ್, ವಿಮಾನ ಕೆರೆಗೆ ಬಿತ್ತಾ?" ಅಂದಳು. ಕೆಳಗೆ 'ಭಾರ ಹೆಚ್ಚಾದಷ್ಟೂ ದೂರ ಕಡಿಮೆ' ಎಂಬ ಸಾಲೂ ಇದೆ.

ಮಂಡ್ಯದಿಂದ:
'ತೇಲು' ತಪ್ಪು. ತೇಲುವುದು ಇಳಿಯುವುದಿಲ್ಲ.
ಮೇಡಂ, ನಿಮಗೆ ಬೇಕಾದ ಪದ 'ವಾಟ'. ತಾರಸಿ ಹಾಕಿದ ಮೇಲೆ ಗಾರೆಯವರು ಒಂದು ಚೊಂಬು ನೀರು ಸುರಿದು ಕುಕ್ಕರುಗಾಲಲ್ಲಿ ಕೂತು ನೋಡುತ್ತಾರೆ. ನೀರು ಮೂಲೆಯ ಪೈಪಿನ ಕಡೆ ಓಡಿದರೆ ವಾಟ ಸರಿಯಾಗಿದೆ ಅಂತ ಎದ್ದು ಕೈ ಒರೆಸಿಕೊಳ್ಳುತ್ತಾರೆ. ನಾಲೆ ನೀರು ನಮ್ಮ ಗದ್ದೆಗೆ ಬರುವುದೂ ವಾಟದ ಮೇಲೆಯೇ. ಇಷ್ಟು ದೂರಕ್ಕೆ ಇಷ್ಟು ಇಳಿತ. ವಿಮಾನದ ಲೆಕ್ಕವೂ ಇದೇ ಅಲ್ವಾ? 'ಜಾರುವಾಟ' ಅನ್ನಿ. ತಮಿಳಿನಲ್ಲಿ ವಾಟ್ಟಂ, ತೆಲುಗಿನಲ್ಲಿ ವಾಟಮು. ಸಂಸ್ಕೃತದ ವಾಟ ಬೇರೆ, ಅದು ಬೇಲಿ ಹಾಕಿದ ಜಾಗ. ಎರಡನ್ನೂ ಬೆರೆಸಬೇಡಿ. 'ಅನುಪಾತ' ಬೇಡವೇ ಬೇಡ.

ಮೈಸೂರಿನಿಂದ, ಇನ್ನೊಬ್ಬರು:
ಒಪ್ಪುವುದಿಲ್ಲ. ವಾಟ ಜಾಸ್ತಿ ಅಂದರೆ ಇಳಿತ ಜಾಸ್ತಿ. ಆದರೆ 40 ಅನ್ನುವ ಗ್ಲೈಡರಿನ ವಾಟ 9 ಅನ್ನುವ ಸೆಸ್ನಾದ್ದಕ್ಕಿಂತ ಕಡಿಮೆ. ಮಕ್ಕಳು ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ.
'ಜಾರು' ಮಾತ್ರ ಸರಿ. ಕುಕ್ಕರಹಳ್ಳಿ ಕೆರೆಗೆ ಹೆಜ್ಜಾರ್ಲೆ ಇಳಿಯುವುದನ್ನು ನೋಡಿ. ರೆಕ್ಕೆ ಅಲುಗುವುದಿಲ್ಲ, ನೀರಿನ ಮೇಲೆ ಉದ್ದಕ್ಕೆ ಜಾರಿಕೊಂಡು ಬರುತ್ತದೆ. ಬಿಸಿಗಾಳಿ ಹಿಡಿದು ಮೇಲೇರುವ ಹದ್ದಿಗೆ ಬೇಕಾದರೆ 'ತೇಲು' ಇಟ್ಟುಕೊಳ್ಳಿ.
ಭಾರದ ಸಾಲನ್ನು ಮೊದಲು ತೆಗೆಯಿರಿ. ಗಾಳಿ ಇಲ್ಲದಾಗ ಭಾರದಿಂದ ದೂರ ಕಡಿಮೆಯಾಗುವುದಿಲ್ಲ. ಅಷ್ಟು ದೂರ ಹೋಗಲು ಇಟ್ಟುಕೊಳ್ಳಬೇಕಾದ ವೇಗ ಜಾಸ್ತಿಯಾಗುತ್ತದೆ, ಅಷ್ಟೇ. ಎದುರುಗಾಳಿ ಇದ್ದರೆ ದೂರ ಕಡಿಮೆಯಾಗುತ್ತದೆ, ಅದನ್ನು ಬರೆಯಿರಿ.
ಇಷ್ಟಕ್ಕೂ 'ಗ್ಲೈಡ್' ಅಂತಲೇ ಬಿಟ್ಟರೆ ಏನು? 'ಎಂಜಿನ್' ಇಟ್ಟುಕೊಂಡಿಲ್ಲವೇ?

ಮಂಡ್ಯದಿಂದ:
ಎಂಜಿನ್ ನಮ್ಮಲ್ಲಿ ಇರಲಿಲ್ಲ ಸ್ವಾಮಿ, ವಸ್ತುವಿನ ಜೊತೆ ಹೆಸರೂ ಬಂತು. ಜಾರುವುದು ಮೊದಲಿಂದಲೂ ಇತ್ತು. ಮನೆಯಲ್ಲಿ ಇರುವುದನ್ನು ಬಿಟ್ಟು ಪಕ್ಕದ ಮನೆಗೆ ಎರವಲಿಗೆ ಹೋಗುವುದು ಯಾಕೆ?

ಮೈಸೂರಿನಿಂದ, ಇನ್ನೊಬ್ಬರು:
'ಜಮೀನು' ಪಾರಸಿ ಮಾತು. ನಮ್ಮಲ್ಲಿ ನೆಲ, ಹೊಲ ಇರಲಿಲ್ಲವೇ? ಮಂಡ್ಯದ ರೈತರು ಯಾರನ್ನೂ ಕೇಳದೆ ಜಮೀನು ಅಂದರು, ಅದು ಕನ್ನಡವಾಯಿತು.

ಮಂಡ್ಯದಿಂದ:
ಅದು ದಫ್ತರದಿಂದ ಇಳಿದು ಬಂದ ಮಾತು. ರೈತರ ಮೇಲೆ ಹಾಕಬೇಡಿ.

ಮೈಸೂರಿನಿಂದ:
ಇಬ್ಬರಿಗೂ ವಂದನೆಗಳು. ಜಮೀನಿನ ಚರ್ಚೆ ಬೇರೆ ಓಲೆಯಲ್ಲಿ ನಡೆಯಲಿ, ದಯವಿಟ್ಟು. ಭಾರದ ಸಾಲು ತೆಗೆದೆ. ಅನುಪಾತವನ್ನೂ ಬಿಟ್ಟು ದೂರವನ್ನೇ ಹಾಕುತ್ತಿದ್ದೇನೆ. ಚಾಮುಂಡಿ ಬೆಟ್ಟ ಊರಿನಿಂದ ಸುಮಾರು 1000 ಅಡಿ ಎತ್ತರ. ಅಷ್ಟು ಎತ್ತರದಲ್ಲಿ ಎಂಜಿನ್ ನಿಂತರೆ ಸೆಸ್ನಾ 172 ಹೋಗುವುದು ಸುಮಾರು 2.7 ಕಿ.ಮೀ. 40ರ ಗ್ಲೈಡರ್ ಆದರೆ ಸುಮಾರು 12 ಕಿ.ಮೀ. ಬೆಟ್ಟ ನೋಡಿದ ಮಕ್ಕಳಿಗೆ ಇದು ಗೊತ್ತಾಗುತ್ತದೆ. ತಲೆಬರಹ 'ಜಾರುದೂರ'. ಸೇರಿಸಿ ಬರೆಯಲೇ, ಬಿಡಿಸಿ ಬರೆಯಲೇ? ಒಂಬತ್ತೂವರೆಯೊಳಗೆ ಹೇಳಿ.

ಮಂಡ್ಯದಿಂದ:
ಸೇರಿಸಿ.