ಟಿಟ್ಟಿಭದ ಗೂಡನ್ನು ಜನರಿಗೆ ತೋರಿಸಿ ತಪ್ಪು ಮಾಡಿದೆನೇ?

ಕೆರೆದಡದವನು:

ಎಂಟು ತಿಂಗಳಿಂದ ಭಾನುವಾರದ ಬೆಳಗು ಕೆರೆಯ ಏರಿಯ ಮೇಲೆ ಸ್ವಯಂಸೇವಕನಾಗಿ ನಿಲ್ಲುತ್ತಿದ್ದೇನೆ. ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ಒಂದು ಹಳೆಯ ಸ್ಕೋಪ್, ಕೊರಳಲ್ಲಿ ಬೈನಾಕ್ಯುಲರ್. ವಾಯುವಿಹಾರಕ್ಕೆ ಬಂದವರನ್ನು ನಿಲ್ಲಿಸಿ ಕೆರೆಯಲ್ಲಿ ಯಾರು ಯಾರು ಇದ್ದಾರೆಂದು ತೋರಿಸುವುದು, ಅಷ್ಟೇ ಕೆಲಸ. ವೃತ್ತಿಯಲ್ಲಿ ನಾನು ಲೆಕ್ಕ ಬರೆಯುವವನು. ಹಕ್ಕಿಗಳ ಓದು ನಲವತ್ತು ದಾಟಿದ ಮೇಲೆ ಹತ್ತಿಸಿಕೊಂಡದ್ದು.

ಮೊದಮೊದಲು ನನ್ನ ಮಾತು ಯಾರಿಗೂ ಹತ್ತುತ್ತಿರಲಿಲ್ಲ. ನೋಟ್‌ಪುಸ್ತಕ ನೋಡಿಕೊಂಡು ವೈಜ್ಞಾನಿಕ ಹೆಸರು, ಉದ್ದ, ತೂಕ ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಜನ ಎರಡು ನಿಮಿಷ ತಲೆಯಾಡಿಸಿ, "ಇಲ್ಲಿ ಮೊಸಳೆ ಇದೆಯೇ?" ಎಂದು ಕೇಳಿ, ಇಲ್ಲ ಎಂದೊಡನೆ ನಡೆದುಬಿಡುತ್ತಿದ್ದರು. ಆಮೇಲೆ ಪುಸ್ತಕ ಮನೆಯಲ್ಲಿಟ್ಟು ಬರತೊಡಗಿದೆ. ಸ್ಕೋಪಿನಲ್ಲಿ ನೀರುಕಾಗೆಯನ್ನು ಹಿಡಿದು, "ಇದು ರೆಕ್ಕೆ ಬಿಚ್ಚಿಕೊಂಡು ಏಕೆ ಕುಳಿತಿರಬಹುದು?" ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಸುಮ್ಮನಿರುವುದು ಕೆಲಸ ಮಾಡಿತು. ಈಗ ಹತ್ತಿಪ್ಪತ್ತು ಜನ ನನಗಾಗಿಯೇ ಬರುತ್ತಾರೆ.

ಕಥೆ ಕೆಟ್ಟದ್ದು ಇಲ್ಲಿಂದ. ಸುಮಾರು ನಾಲ್ಕು ವಾರದ ಹಿಂದೆ ಏರಿಯ ಆಚೆಯ ಬಯಲಿನಲ್ಲಿ, ಬರಿಯ ನೆಲದ ಮೇಲೆ, ಕೆಂಪು ಟಿಟ್ಟಿಭದ ನಾಲ್ಕು ಮೊಟ್ಟೆ ಕಂಡವು. ಕಲ್ಲಿನ ಚೂರುಗಳ ನಡುವೆ ಕಲ್ಲಿನಂತೆಯೇ ಇದ್ದವು. ನನ್ನ ಕಾಲು ಅವುಗಳಿಂದ ಒಂದು ಗೇಣು ದೂರದಲ್ಲಿತ್ತು. ಎರಡು ಭಾನುವಾರ ಬಾಯಿ ಕಟ್ಟಿಕೊಂಡಿದ್ದೆ. ಮೂರನೆಯ ಭಾನುವಾರ ಇಪ್ಪತ್ತೆರಡು ಜನ ಬಂದಿದ್ದರು, ನಾನು ಉಬ್ಬಿಹೋಗಿದ್ದೆ. ಎಲ್ಲರನ್ನೂ ಸಾಲಾಗಿ ಕರೆದುಕೊಂಡು ಹೋಗಿ ತೋರಿಸಿದೆ. ತಲೆಯ ಮೇಲೆ ತಾಯಿ ತಂದೆ ಇಬ್ಬರೂ ಕಿರುಚಿಕೊಂಡು ಸುತ್ತುತ್ತಿದ್ದವು. "ನೋಡಿ, ನೋಡಿ, ಈ ಹಕ್ಕಿ ತನ್ನ ಹೆಸರನ್ನು ತಾನೇ ಕೂಗುತ್ತದೆ" ಎಂದು ನಾನು ಆ ಕಿರುಚಾಟಕ್ಕೆ ವಿವರಣೆ ಕೊಡುತ್ತಿದ್ದೆ! ಒಬ್ಬರು ಬಗ್ಗಿ ಮೊಬೈಲಿನಲ್ಲಿ ಫೋಟೊ ತೆಗೆದರು. ನಾನು ಬೇಡ ಎನ್ನಲಿಲ್ಲ.

ಮುಂದಿನ ಭಾನುವಾರ ಹೋದರೆ ಮೊಟ್ಟೆಯಿದ್ದ ಗುಂಡಿ ಬರಿದು. ಚಿಪ್ಪಿನ ಚೂರೂ ಇಲ್ಲ. ಆ ದಿನ ಜನರಿಗೆ ಏನು ಹೇಳಿದೆನೋ ನೆನಪಿಲ್ಲ.

ಮೊಟ್ಟೆಗಳು ನನ್ನ ದೆಸೆಯಿಂದ ಹೋದವೇ? ಇನ್ನು ಮುಂದೆ ಏನನ್ನು ತೋರಿಸಲಿ, ಏನನ್ನು ಮುಚ್ಚಿಡಲಿ? ಇದನ್ನು ಹೆಚ್ಚು ಕಾಲ ಮಾಡಿದವರು ಹೇಳಿ. ಸಮಾಧಾನದ ಮಾತು ಬೇಡ.

ಹದಿನಾಲ್ಕು ಮಳೆಗಾಲ:

ಸಮಾಧಾನ ಹೇಳುವುದಿಲ್ಲ, ಆದರೆ ಲೆಕ್ಕ ಹೇಳುತ್ತೇನೆ, ನೀವು ಲೆಕ್ಕದವರಲ್ಲವೇ. ಟಿಟ್ಟಿಭ ಕಾವು ಕೂರುವುದು ಸುಮಾರು ನಾಲ್ಕು ವಾರ. ನೀವು ಮೊದಲು ನೋಡಿದಾಗಲೇ ನಾಲ್ಕು ಮೊಟ್ಟೆ ಇದ್ದವು ಎಂದಿರಿ, ಅಂದರೆ ಸಾಮಾನ್ಯವಾಗಿ ಅದು ಇಡುವಷ್ಟು ಪೂರ್ತಿ ಇಟ್ಟಾಗಿತ್ತು. ಅಲ್ಲಿಂದ ನಿಮ್ಮ ಬರಿದಾದ ಭಾನುವಾರದವರೆಗೆ ಮೂರು ವಾರ ಕಳೆದಿವೆ. ಮೊದಲ ದಿನಕ್ಕಿಂತ ಒಂದು ವಾರ ಮುಂಚೆ ಇಟ್ಟಿದ್ದರೂ ಸಾಕು, ಮರಿಗಳು ಒಡೆದು ಹೊರಬಂದಿರಬಹುದು.

ಗುಬ್ಬಚ್ಚಿಯ ಮರಿಯಂತೆ ಬೋಳು ಮೈಯಲ್ಲಿ ಗೂಡಿನಲ್ಲೇ ಬಾಯಿ ತೆರೆದುಕೊಂಡು ಬಿದ್ದಿರುವ ಜಾತಿಯಲ್ಲ ಇದು. ಟಿಟ್ಟಿಭದ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ನವಿರು ಇರುತ್ತದೆ. ಮೈ ಒಣಗಿದ ಮೇಲೆ ಎದ್ದು ನಡೆಯುತ್ತದೆ, ತನ್ನ ಹುಳು ತಾನೇ ಹೆಕ್ಕುತ್ತದೆ. ಒಂದು ದಿನದೊಳಗೆ ಗುಂಡಿ ಖಾಲಿ. ಚಿಪ್ಪನ್ನು ಹಕ್ಕಿಗಳೇ ಎತ್ತಿ ದೂರ ಹಾಕುತ್ತವೆ, ಏಕೆಂದರೆ ಚಿಪ್ಪಿನ ಒಳಗಿನ ಬಿಳುಪು ಕಾಗೆಯ ಕಣ್ಣಿಗೆ ಹೊಳೆಯುತ್ತದೆ. ಆದ್ದರಿಂದ ಚಿಪ್ಪು ಇಲ್ಲದ್ದರಿಂದ ಏನೂ ತೀರ್ಮಾನವಾಗುವುದಿಲ್ಲ. ತೀರ್ಮಾನ ಹಕ್ಕಿಗಳ ಬಳಿ ಇದೆ. ಆ ಬಯಲಿನ ಅಂಚಿಗೆ ಬಂದಾಗ ಜೋಡಿ ಇನ್ನೂ ಅದೇ ಉಗ್ರತೆಯಿಂದ ನಿಮ್ಮ ಮೇಲೆರಗಿದರೆ, ಎಲ್ಲೋ ಹುಲ್ಲಿನ ಬುಡದಲ್ಲಿ ಕಾಯುವುದಕ್ಕೆ ಏನೋ ಇದೆ.

ಇನ್ನು ಬೈಯುವ ಭಾಗ. ಮೊಟ್ಟೆ ಒಡೆದು ಮರಿ ಬಂದಿರಲಿ, ಕಾಗೆ ತಿಂದಿರಲಿ, ನೀವು ಮಾಡಿದ್ದು ತಪ್ಪು. ಇಪ್ಪತ್ತೆರಡು ಜನ ಒಬ್ಬೊಬ್ಬರಾಗಿ ನೋಡಲು ಎಷ್ಟು ಹೊತ್ತಾಯಿತು? ಅಷ್ಟು ಹೊತ್ತೂ ಬರಿಯ ನೆಲದ ಮೇಲೆ, ಬಿಸಿಲಿನಲ್ಲಿ, ಮೊಟ್ಟೆಗಳಿಗೆ ನೆರಳಿರಲಿಲ್ಲ. ಈ ಹಕ್ಕಿ ಕಾವು ಕೊಡುವುದಷ್ಟೇ ಅಲ್ಲ, ಬಿಸಿಲು ಏರಿದಾಗ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುತ್ತದೆ. ನೀವು ಅದನ್ನು ಆ ಕೆಲಸದಿಂದ ಎಬ್ಬಿಸಿ ಕಿರುಚುವ ಕೆಲಸಕ್ಕೆ ಹಚ್ಚಿದಿರಿ. ಮನುಷ್ಯರು ಗುಂಪಾಗಿ ಬಗ್ಗಿ ನೋಡುವ ಜಾಗವನ್ನು ಕಾಗೆ ಗಮನಿಸುತ್ತದೆ. ನೀವು ಹೋದ ಮೇಲೆ ಅದು ಬಂದು ನೋಡುತ್ತದೆ.

ನನ್ನದು ಒಂದೇ ನಿಯಮ: ಹಕ್ಕಿ ಕೂಗಿತೆಂದರೆ ನಾನಾಗಲೇ ಹತ್ತಿರ ಬಂದುಬಿಟ್ಟಿದ್ದೇನೆ. ಇದನ್ನು ಕಲಿಯುವ ಮೊದಲು ನಾನೂ ಒಂದು ಮಿಂಚುಳ್ಳಿಯ ಬಿಲದ ಮುಂದೆ ಮಕ್ಕಳನ್ನು ಕೂರಿಸಿದ್ದೆ. ಬಾಯಲ್ಲಿ ಮೀನು ಹಿಡಿದುಕೊಂಡು ಅದು ಎದುರಿನ ಕೊಂಬೆಯ ಮೇಲೆ ಅರ್ಧ ಗಂಟೆ ಕುಳಿತಿತ್ತು. ಒಳಗೆ ಮರಿಗಳು. ಅದು ನಮಗೆ ಪೋಸು ಕೊಡುತ್ತಿದೆ ಎಂದುಕೊಂಡಿದ್ದೆವು.

ನಿವೃತ್ತ ಮೇಷ್ಟ್ರು:

ಮೇಲಿನವರ ಪಕ್ಷಿಶಾಸ್ತ್ರವನ್ನು ಒಪ್ಪುತ್ತೇನೆ, ಆದರೆ ಅವರ ದನಿಗೆ ಹೆದರಿ ನೀವು ಅಂಗಡಿ ಮುಚ್ಚಬೇಡಿ. ಆ ಇಪ್ಪತ್ತೆರಡು ಜನರಲ್ಲಿ ಕೆಲವರಾದರೂ ಇನ್ನು ಬಯಲಿನಲ್ಲಿ ಕಾಲಿಡುವಾಗ ನೆಲ ನೋಡಿಕೊಂಡು ನಡೆಯುತ್ತಾರೆ. ಅದನ್ನೂ ಜಮೆಯ ಕಡೆ ಬರೆದುಕೊಳ್ಳಿ.

ತೋರಿಸಿದರೆ ಕೆಡದಂಥವು ಕೆರೆಯಲ್ಲಿ ರಾಶಿ ಇವೆ. ಗುಳುಮುಳುಕ ಎಂಬ ಪುಟ್ಟ ನೀರುಹಕ್ಕಿಯನ್ನು ಸ್ಕೋಪಿನಲ್ಲಿ ಹಿಡಿಯಿರಿ. ಅದು ಮುಳುಗಿದ ಕೂಡಲೇ ಎಲ್ಲರೂ ಮನಸ್ಸಿನಲ್ಲಿ ಎಣಿಸಲಿ, ಎಲ್ಲಿ ಏಳುತ್ತದೆಂದು ಬೆರಳು ತೋರಿಸಲಿ. ಯಾರೂ ಗೆಲ್ಲುವುದಿಲ್ಲ, ಯಾರೂ ಮನೆಗೂ ಹೋಗುವುದಿಲ್ಲ. ಮರಿ ಇರುವ ಕಾಲವಾದರೆ ತಾಯಿಯ ಬೆನ್ನಿನ ಗರಿಯೊಳಗಿಂದ ಪಟ್ಟೆ ಪಟ್ಟೆಯ ಪುಟ್ಟ ತಲೆ ಇಣುಕುತ್ತದೆ. ಅದನ್ನು ದಡದಿಂದಲೇ ಸ್ಕೋಪಿನಲ್ಲಿ ನೋಡಬಹುದು, ಅದಕ್ಕೆ ನಿಮ್ಮ ಗೊಡವೆಯೇ ಇರುವುದಿಲ್ಲ.

ಇನ್ನೊಂದು, ಇದು ನನ್ನ ಮೆಚ್ಚಿನದು. ನೀರಂಚಿನ ಜೊಂಡಿನ ಕಡ್ಡಿಗಳನ್ನು ಹುಡುಕಿ. ಏರೋಪ್ಲೇನ್ ಚಿಟ್ಟೆಯ ಮರಿ ನೀರಿನೊಳಗೆ ಬೆಳೆದು, ಒಂದು ದಿನ ಕಡ್ಡಿ ಹಿಡಿದು ಮೇಲೆ ಬಂದು, ಬೆನ್ನು ಸೀಳಿಕೊಂಡು ರೆಕ್ಕೆಯೊಡನೆ ಹೊರಬೀಳುತ್ತದೆ. ಬಿಟ್ಟುಹೋದ ಪೊರೆ ಕಡ್ಡಿಗೆ ಕಚ್ಚಿಕೊಂಡೇ ಇರುತ್ತದೆ, ಆರು ಕಾಲೂ ಸಮೇತ. ನೀರಿನಲ್ಲಿದ್ದಾಗ ಬೇಟೆಗೆಂದು ಮುಂದಕ್ಕೆ ಚಿಮ್ಮಿಸುತ್ತಿದ್ದ ಮಡಿಚಿದ ತುಟಿಯ ಅಚ್ಚು ಕೂಡ ಅದರಲ್ಲಿ ಉಳಿದಿರುತ್ತದೆ. ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ. ಅಂಗೈ ಮೇಲಿಟ್ಟರೆ ಹುಳುವೆಂದರೆ ಓಡುವ ಮಗುವೂ ನಿಲ್ಲುತ್ತದೆ.

ಬಂದವರಿಗೆ ಕೆಲಸ ಕೊಡಿ ಎನ್ನುವುದು ನನ್ನ ಹಳೆಯ ರಾಗ. 1900ರಲ್ಲಿ ಅಮೆರಿಕದ ಫ್ರ್ಯಾಂಕ್ ಚಾಪ್ಮನ್ ಎಂಬವರು, ಕ್ರಿಸ್‌ಮಸ್ ದಿನ ಹಕ್ಕಿಗಳನ್ನು ಹೊಡೆದು ಗುಡ್ಡೆ ಹಾಕುವ ಪಂದ್ಯದ ಬದಲು ಎಣಿಸೋಣ ಎಂದರು. ಆ ವರ್ಷ ಸೇರಿದ್ದು 27 ಜನ, ನಿಮ್ಮ ಗುಂಪಿಗಿಂತ ಐದೇ ಜನ ಹೆಚ್ಚು. ಆ ಎಣಿಕೆ ಇಂದಿಗೂ ನಿಂತಿಲ್ಲ. ನೀವೂ ಹದಿನೈದು ನಿಮಿಷದ ಎಣಿಕೆ ಮಾಡಿಸಿ. ಚೀಟಿ ಪೆನ್ಸಿಲು ಕೈಗೆ ಬಂದ ಮನುಷ್ಯ ಮೊಸಳೆ ಕೇಳುವುದಿಲ್ಲ.

ಜೊಂಡುಹುಲ್ಲು:

ಒಂದು ಸಣ್ಣ ಮಾತು, ಆದರೆ ಯಾರೂ ಹೇಳಲಿಲ್ಲ. ಆ ಮೊಬೈಲ್ ಫೋಟೊ ಎಲ್ಲಿ ಹೋಯಿತು? ಲೊಕೇಶನ್ ಚಾಲೂ ಇದ್ದರೆ ಫೋಟೊದೊಳಗೇ ಜಾಗದ ಗುರುತು ಕುಳಿತಿರುತ್ತದೆ. ಐನ್ಯಾಚುರಲಿಸ್ಟ್‌ನಂಥ, ಕಂಡ ಜೀವಿಗಳ ಫೋಟೊ ಹಾಕುವ ಜಾಲತಾಣಗಳು ಅಳಿವಿನಂಚಿನ ಜೀವಿಗಳ ಜಾಗವನ್ನು ತಾವಾಗಿಯೇ ಮಸುಕು ಮಾಡುತ್ತವೆ, ನಿಜ. ಆದರೆ ಕೆಂಪು ಟಿಟ್ಟಿಭ ಎಲ್ಲೆಡೆ ಕಾಣುವ ಹಕ್ಕಿ. ಅದರ ಗೂಡಿಗೆ ಆ ಮರೆ ತಾನಾಗಿ ಸಿಗುವುದಿಲ್ಲ, ಹಾಕುವವರೇ ಜಾಗವನ್ನು ಮಸುಕಾಗಿಸುವ ಆಯ್ಕೆ ಒತ್ತಬೇಕು. ನಮ್ಮ ಗುಂಪಿನಲ್ಲಿ ಗೂಡಿನ ಫೋಟೊ ತೆಗೆಯುವುದನ್ನೇ ನಿಲ್ಲಿಸಿದ್ದೇವೆ. ಮೊದಲು ಗೊಣಗಿದರು, ಈಗ ಹೊಸಬರಿಗೆ ಅವರೇ ಹೇಳಿಕೊಡುತ್ತಾರೆ.

ಕೆರೆದಡದವನು:

ಮೂವರಿಗೂ ವಂದನೆ. ಫೋಟೊ ತೆಗೆದವರಿಗೆ ಫೋನ್ ಮಾಡಿದೆ. ಮನೆಯವರಿಗೆ ಕಳಿಸಿದ್ದು ಬಿಟ್ಟರೆ ಎಲ್ಲೂ ಹಾಕಿಲ್ಲವಂತೆ. ಕಾರಣ ಹೇಳಿದಾಗ ಅವರೇ ನನಗಿಂತ ಹೆಚ್ಚು ಗಾಬರಿಯಾದರು, ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು.

ಮಂಗಳವಾರ ಕಚೇರಿಗೆ ಹೋಗುವ ಮೊದಲು ಒಬ್ಬನೇ ಬಯಲಿನ ಅಂಚಿಗೆ ಹೋದೆ. ಹಳೆಯ ಗುಂಡಿಯ ಕಡೆ ಯಾರೂ ಇರಲಿಲ್ಲ. ಅಲ್ಲಿಂದ ನೂರು ಹೆಜ್ಜೆ ಆಚೆ, ನೀರಿನ ಕಡೆಗೆ, ಜೋಡಿ ಎದ್ದು ಬಂತು. ಅಬ್ಬಾ, ಅದೇನು ಕಿರುಚಾಟ. ಒಂದಂತೂ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಆ ಹುಲ್ಲಿನಲ್ಲಿ ಏನಿದೆ ಎಂದು ನೋಡುವ ಆಸೆ ಎಷ್ಟಿತ್ತೆಂದು ನಿಮಗೆ ಹೇಳಬೇಕಾಗಿಲ್ಲ. ನಾಲ್ಕೇ ಹೆಜ್ಜೆ ಸಾಕಿತ್ತು. ಹದಿನಾಲ್ಕು ಮಳೆಗಾಲದವರ ನಿಯಮ ನೆನಪಾಗಿ ಬಂದ ದಾರಿಯಲ್ಲೇ ಹಿಂದಿರುಗಿದೆ. ಹಾಗಾಗಿ ಮರಿಗಳಿವೆಯೇ, ಎಷ್ಟಿವೆ ಎಂಬುದು ನನ್ನ ಲೆಕ್ಕದ ಪುಸ್ತಕದಲ್ಲಿ ಖಾಲಿಯೇ ಉಳಿದಿದೆ.

ಈ ಭಾನುವಾರ ಹದಿನೆಂಟು ಜನ. ನಡೆದದ್ದೆಲ್ಲವನ್ನೂ, ನನ್ನ ತಪ್ಪನ್ನೂ ಸೇರಿಸಿ, ಹೇಳಿಬಿಟ್ಟೆ. ಏರಿಯ ಮೇಲಿಂದಲೇ ಹಕ್ಕಿಗಳನ್ನು ಸ್ಕೋಪಿನಲ್ಲಿ ನೋಡಿದೆವು. ಒಬ್ಬ ಅಮ್ಮ, "ಈಗ ಏಕೆ ಕೂಗುತ್ತಿಲ್ಲ?" ಎಂದು ಕೇಳಿದರು. ನಾವು ದೂರ ಇದ್ದೇವಲ್ಲ, ಅದಕ್ಕೆ ಎಂದೆ. ಅವರು ಕಣ್ಣು ತೆಗೆಯದೆ ಬಹಳ ಹೊತ್ತು ನೋಡಿದರು, ಹಿಂದಿನ ಸಾಲು ಗೊಣಗುವವರೆಗೆ.

ಹದಿನಾಲ್ಕು ಮಳೆಗಾಲ:

ಒಳ್ಳೆಯದಾಯಿತು. ಮೇಷ್ಟ್ರ ಗುಳುಮುಳುಕದ ಆಟ ಆಡಿಸಿದಿರೋ?

ಕೆರೆದಡದವನು:

ಆಡಿಸಿದೆ. ಒಬ್ಬ ಹುಡುಗನ ಎಣಿಕೆ 19, ಅವನ ತಂಗಿಯದು 14. ಹಕ್ಕಿ ಒಂದೇ, ಮುಳುಗು ಒಂದೇ. ಇಬ್ಬರೂ ಜಗಳವಾಡಿಕೊಂಡೇ ಮನೆಗೆ ಹೋದರು. ಮುಂದಿನ ವಾರ ಸ್ಟಾಪ್‌ವಾಚ್ ತರುತ್ತಾರಂತೆ.