ಒಡೆದ ಥರ್ಮಾಮೀಟರಿನ ಪಾದರಸ: ಸಹಾಯ ಬೇಕು

ನಿನ್ನೆ ರಾತ್ರಿ ಮಗುವಿನ ಜ್ವರ ನೋಡಲು ಹಳೆಯ ಗಾಜಿನ ಥರ್ಮಾಮೀಟರನ್ನು ಕೊಡವುತ್ತಿದ್ದಾಗ ಅದು ಮಂಚದ ಅಂಚಿಗೆ ತಗುಲಿ ಒಡೆಯಿತು. ಗುಂಡುಸೂಜಿಯ ತಲೆಯಷ್ಟು ಸಣ್ಣ ಬೆಳ್ಳಿಗುಂಡುಗಳು ನೆಲದ ತುಂಬ ಉರುಳಿದವು. ಮುಟ್ಟಲು ಹೋದರೆ ಒಂದು ನಾಲ್ಕಾಗುತ್ತದೆ!

ಮಗುವನ್ನು ಬೇರೆ ಕೋಣೆಗೆ ಕಳುಹಿಸಿ, ಬಾಗಿಲು ಮುಚ್ಚಿ, ಕಿಟಕಿಗಳನ್ನು ತೆರೆದೆ. ಕೈಗವಸು ಹಾಕಿಕೊಂಡು ದೊಡ್ಡ ಗುಂಡುಗಳನ್ನು ಗಟ್ಟಿ ಕಾಗದದಿಂದ ಒಟ್ಟುಗೂಡಿಸಿದೆ, ಚಿಕ್ಕವನ್ನು ಅಂಟುಪಟ್ಟಿಗೆ ಅಂಟಿಸಿ ತೆಗೆದೆ. ದೀಪ ಆರಿಸಿ ಟಾರ್ಚನ್ನು ನೆಲಮಟ್ಟದಲ್ಲಿ ಓರೆಯಾಗಿ ಹಿಡಿದಾಗ ಮಂಚದ ಕಾಲಿನ ಹಿಂದೆ ಇನ್ನೂ ಏಳೆಂಟು ಹೊಳೆದವು. ಎಲ್ಲವೂ ಈಗ ಮುಚ್ಚಳ ಬಿಗಿದ ಬಾಟಲಿಯಲ್ಲಿವೆ.

ಎಡವಟ್ಟಾಗಿದ್ದು ಬೇರೆ ಕಡೆ. ನಾನು ಮಗುವನ್ನು ಮಲಗಿಸಿ ಬರುವಷ್ಟರಲ್ಲಿ ಮನೆಯವರು, ಪಾಪ, ಸಹಾಯವಾಗಲೆಂದು ಒಂದು ಮೂಲೆಗೆ ವ್ಯಾಕ್ಯೂಮ್ ಕ್ಲೀನರ್ ಓಡಿಸಿಬಿಟ್ಟಿದ್ದರು. ಅದು ಪಾದರಸವನ್ನು ಒಡೆದು, ಆವಿ ಮಾಡಿ ಗಾಳಿಗೆ ಬಿಡುತ್ತದೆ ಎಂದು ಆಮೇಲೆ ಓದಿದೆ. ಆ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ; ಉಸಿರಿನೊಂದಿಗೆ ಒಳಗೆ ಹೋಗುವುದೇ ದೊಡ್ಡ ಅಪಾಯ. ಯಂತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿಟ್ಟಿದ್ದೇನೆ.

ಕಸ ಒಯ್ಯುವವರನ್ನು ಕೇಳಿದರೆ ಒಣಕಸಕ್ಕೆ ಹಾಕಿ ಎಂದರು. ಪರಿಚಯದವರೊಬ್ಬರು ಬಚ್ಚಲಿಗೆ ಸುರಿಯಿರಿ ಎಂದರು. ಎರಡಕ್ಕೂ ಮನಸ್ಸು ಒಪ್ಪುತ್ತಿಲ್ಲ.

ತಿಳಿದವರು ದಯವಿಟ್ಟು ಎರಡು ವಿಷಯ ಹೇಳಿ. ವ್ಯಾಕ್ಯೂಮ್ ಕ್ಲೀನರಿನ ಚೀಲ, ಫಿಲ್ಟರ್ ಬದಲಿಸಿದರೆ ಸಾಕೇ, ಅಥವಾ ಇಡೀ ಯಂತ್ರವನ್ನೇ ಬಿಡಬೇಕೇ? ಬಾಟಲಿಯನ್ನು ಯಾರಿಗೆ ಒಪ್ಪಿಸಬೇಕು: ಆಸ್ಪತ್ರೆಗೋ, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೋ?